ಚಪ್ಪಲಿ ಹೋಗಲಿ, ಅಂಗಡಿ ಬೇಡ

ಹೋದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಕುಲಕಸುಬುಗಳ ಬಗ್ಗೆ ಒಂದು ಮಾತುಕತೆ ನಡೆಯಿತು. ಮಾತು ಕೊಲ್ಹಾಪುರಿ ಚಪ್ಪಲಿಗೆ ಬಂದಾಗ ಸಭೆ ಎರಡು ಪಕ್ಷವಾಯಿತು. ಒಬ್ಬರು ಎದ್ದು, ‘ಇಟಲಿಯವನು ಅದೇ ಚಪ್ಪಲಿಗೆ ಎಂಬತ್ತು ಸಾವಿರ ಕೇಳುತ್ತಾನೆ. ನಮ್ಮ ಅಥಣಿಯವರು ಲಂಡನ್ನಿನಲ್ಲಿ ಒಂದು ಅಂಗಡಿ ತೆರೆಯಲು ಏನು ಧಾಡಿ?’ ಎಂದರು. ಇನ್ನೊಬ್ಬರು, ‘ಪರದೇಶದ ಗಾಳಿ ಸೋಕಿದರೆ ಪರಂಪರೆ ಕೆಡುತ್ತದೆ. ಇದ್ದಲ್ಲೇ ಇರಲಿ’ ಎಂದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಉಪ್ಪಿಟ್ಟು ಕಾಫಿ ಆಯಿತು. ಎಲ್ಲರೂ ಲೋಕಲ್ ಹಿಡಿದು ಮನೆಗೆ ಹೋದರು.

ಚಪ್ಪಾಳೆ ತಟ್ಟಿದವರಲ್ಲಿ ಚಪ್ಪಲಿ ಹೊಲಿದವರು ಯಾರೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಹೊಲಿದವನು. ಅಥಣಿ ತಾಲ್ಲೂಕಿನ ಒಂದು ಊರಿನಲ್ಲಿ ಅಪ್ಪನ ಅಡಿಗಲ್ಲಿನ ಎದುರು ಕೂತು ಅಟ್ಟೆ ಬಡಿದು, ಆಮೇಲೆ ನಾಲ್ಕಕ್ಷರ ಕಲಿತು, 1975ರಲ್ಲಿ ಮುಂಬಯಿಗೆ ಬಂದು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅಂದು ನಾನು ಬಾಯಿ ಬಿಡಲಿಲ್ಲ. ಕಾರಣವಿತ್ತು. ಆ ಹೊತ್ತಿಗೆ ನನ್ನ ಜೇಬಿನಲ್ಲಿ ಅಣ್ಣನ ಮಗ ಕಳಿಸಿದ ಒಂದು ಕಾಗದವಿತ್ತು. ಲಂಡನ್ನಿನ ಹೊರವಲಯದಲ್ಲಿ ಒಂದು ಚಪ್ಪಲಿ ಅಂಗಡಿ, ಅದಕ್ಕೆ ಅರವತ್ತು ಲಕ್ಷ ಸಾಲ, ಸಾಲಕ್ಕೆ ಆಧಾರವಾಗಿ ಊರಿನ ಮನೆ, ಕೆಲಸದ ಕೊಟ್ಟಿಗೆ ಮತ್ತು ಡೊಂಬಿವಲಿಯಲ್ಲಿರುವ ನನ್ನ ಎರಡು ಕೋಣೆಯ ಮನೆ. ‘ಕಾಕಾ, ನೀವು ಒಂದ ಸಹಿ ಮಾಡ್ರಿ ಸಾಕು, ಮುಂದಿಂದು ನಾ ನೋಡ್ಕೋತೀನಿ’ ಎಂದು ಕೊನೆಯಲ್ಲಿ ಬರೆದಿದ್ದ.

ಸಭೆಯಲ್ಲಿ ಮಾತಾಡಿದವರಿಗೆ ಇದೊಂದು ವಿಷಯ. ನನಗೆ ಇದೊಂದು ಸಹಿ. ಹಾಗಾಗಿ ತಡವಾಗಿಯಾದರೂ ಉತ್ತರ ಕೊಡುತ್ತಿದ್ದೇನೆ. ಇಬ್ಬರಿಗೂ ಕೊಡುತ್ತಿದ್ದೇನೆ.

ಮೊದಲು ಪರಂಪರೆಯವರಿಗೆ

‘ಇದ್ದಲ್ಲೇ ಇರಲಿ’ ಎಂದ ಮಹನೀಯರ ಹಿರಿಯ ಮಗ ಅಮೆರಿಕದಲ್ಲಿದ್ದಾನೆ, ಸೊಸೆ ಅಲ್ಲಿಯೇ ಕೆಲಸದಲ್ಲಿದ್ದಾಳೆ. ಅದು ತಪ್ಪಲ್ಲ. ನಾವೆಲ್ಲ ಊರು ಬಿಟ್ಟೇ ಇಲ್ಲಿಗೆ ಬಂದವರು. ಆದರೆ ತನ್ನ ಮಗ ಸಮುದ್ರ ದಾಟಬೇಕು, ಸಮಗಾರನ ಮಗ ಮಾತ್ರ ಅಡಿಗಲ್ಲು ಬಿಟ್ಟು ಏಳಬಾರದು ಎಂಬುದಕ್ಕೆ ಪರಂಪರೆಯ ಹೆಸರು ಕೊಡಬೇಡಿ. ಅದರ ನಿಜವಾದ ಹೆಸರು ಬೇರೆ ಇದೆ, ನಿಮಗೂ ಗೊತ್ತು.

ಬಸವ ಜಯಂತಿಯ ದಿನ ನಮ್ಮ ವೇದಿಕೆಯ ಮೇಲೆ ಹರಳಯ್ಯನ ಕಥೆಯನ್ನು ತಪ್ಪದೆ ಹೇಳುತ್ತೇವೆ. ಬಸವಣ್ಣ ಎರಡು ಸಲ ಶರಣು ಎಂದದ್ದರ ಭಾರ ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದ ಪಾದರಕ್ಷೆ ಮಾಡಿದರು, ಬಸವಣ್ಣ ಅದನ್ನು ತಲೆಯ ಮೇಲೆ ಹೊತ್ತರು ಎಂಬಲ್ಲಿಗೆ ಕಥೆ ನಿಲ್ಲಿಸುತ್ತೇವೆ. ಮುಂದಿನದು ನಮಗೆ ಅನುಕೂಲವಲ್ಲ. ಅದೇ ಹರಳಯ್ಯನ ಮಗನಿಗೆ ಮಧುವರಸ ಹೆಣ್ಣು ಕೊಟ್ಟಾಗ ಇಬ್ಬರು ತಂದೆಯರಿಗೂ ಕಲ್ಯಾಣ ಕೊಟ್ಟದ್ದು ಮರಣದಂಡನೆ. ಚಪ್ಪಲಿಯನ್ನು ತಲೆಯ ಮೇಲೆ ಹೊರುವುದಕ್ಕೆ ಜನ ಸಿದ್ಧರಿದ್ದರು, ಹೊಲಿದವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುವುದಕ್ಕೆ ಸಿದ್ಧರಿರಲಿಲ್ಲ. ಪರಂಪರೆ ಎನ್ನುವಾಗ ಈ ಅರ್ಧವನ್ನೂ ನೆನಪಿಡಿ.

ಇನ್ನು ‘ಕೆಡುತ್ತದೆ’ ಎಂಬ ಮಾತು. ಕೆಡುವುದಕ್ಕೆ ಪರದೇಶವೇ ಬೇಕೆ? ಜಾಲಿ ತೊಗಟೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ತೊಗಲನ್ನು ಹದ ಮಾಡುತ್ತಿದ್ದ ಗುಂಡಿಗಳು ನಮ್ಮ ಊರಿನಲ್ಲೇ ಒಂದೊಂದಾಗಿ ಮುಚ್ಚಿದವು. ಮುಚ್ಚಿಸಿದ್ದು ಲಂಡನ್ ಅಲ್ಲ. ‘ಇನ್ನೂ ನೂರು ರೂಪಾಯಿ ಕಡಿಮೆ ಮಾಡು’ ಎಂದು ಕೇಳಿದ ಮುಂಬಯಿ ಪುಣೆಯ ಗಿರಾಕಿಗಳು, ಅಂದರೆ ನಾವು. ಅಗ್ಗದ ಕ್ರೋಮ್ ತೊಗಲು, ಅಂಟು ಹಾಕಿದ ಅಟ್ಟೆ, ರೆಕ್ಸಿನ್ ಪಟ್ಟಿ ಇವೆಲ್ಲ ಬಂದದ್ದು ನಮ್ಮ ಚೌಕಾಶಿಯ ಬೆನ್ನು ಹಿಡಿದು. 2015ರಲ್ಲಿ ಮಹಾರಾಷ್ಟ್ರದಲ್ಲಿ, 2020ರಲ್ಲಿ ಕರ್ನಾಟಕದಲ್ಲಿ ಜಾನುವಾರು ಕಾಯಿದೆಗಳು ಬಿಗಿಯಾದಾಗ ತೊಗಲು ಸಿಗುವುದೂ ಕಷ್ಟವಾಯಿತು. ಆ ಕಾಯಿದೆಗಳ ಸರಿತಪ್ಪು ಇಲ್ಲಿನ ವಿಷಯವಲ್ಲ, ಸಮಗಾರನ ಕೈಯ ಕಚ್ಚಾಮಾಲು ದುಬಾರಿಯಾಯಿತು ಎಂಬುದಷ್ಟೇ ವಿಷಯ. ಆಗ ಪರಂಪರೆಯ ಪರವಾಗಿ ನಮ್ಮ ಸಂಘದಲ್ಲಿ ಒಂದು ಸಭೆಯೂ ಸೇರಲಿಲ್ಲ.

ಹೊರದೇಶಕ್ಕೆ ಕೊಲ್ಹಾಪುರಿ ಹೊಸದೂ ಅಲ್ಲ. 1970ರ ದಶಕದಲ್ಲಿಯೇ ಯುರೋಪು, ಅಮೆರಿಕದ ಹಿಪ್ಪಿಗಳ ಕಾಲಲ್ಲಿ ನಮ್ಮ ಉಂಗುಟದ ಚಪ್ಪಲಿ ಓಡಾಡಿತು. ಆದ್ದರಿಂದ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದು ಅರ್ಧ ಶತಮಾನವಾಯಿತು. ಉಳಿದಿರುವ ಪ್ರಶ್ನೆ, ಹೇಗೆ ಹೋಗಬೇಕು, ಯಾರ ಹೆಸರಿನಲ್ಲಿ ಹೋಗಬೇಕು ಎಂಬುದು.

ಈಗ ಲಂಡನ್ನಿನವರಿಗೆ

2025ರ ಜೂನ್‌ನಲ್ಲಿ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಗಂಡಸರ ಉಡುಪಿನ ಪ್ರದರ್ಶನ ನಡೆಸಿತು. ಹುಡುಗರ ಕಾಲಲ್ಲಿ ಇದ್ದದ್ದು ಯಾರು ನೋಡಿದರೂ ಗುರುತು ಹಿಡಿಯುವ ನಮ್ಮ ಚಪ್ಪಲಿ. ಕಂಪನಿ ಕೊಟ್ಟ ವಿವರಣೆ ‘ತೊಗಲಿನ ಸ್ಯಾಂಡಲ್’ ಎಂದಷ್ಟೇ. ಕೊಲ್ಹಾಪುರದಲ್ಲಿ ಗದ್ದಲವಾಯಿತು, ಕಂಪನಿ ಭಾರತದ ಕಸುಬಿನಿಂದ ಸ್ಫೂರ್ತಿ ಪಡೆದದ್ದನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಕರ್ನಾಟಕದ ಲಿಡ್ಕರ್ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಸುಮಾರು 2,000 ಜೊತೆಗಳನ್ನು ಇಲ್ಲಿಯೇ ಮಾಡಿಸಿ, ಜೊತೆಗೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರಕ್ಕೂ ಮೇಲೆ.

ಈ ಸುದ್ದಿ ಓದಿದ ಮೇಲೆ ನನ್ನ ಅಣ್ಣನ ಮಗನಂಥ ಹುಡುಗರಿಗೆ ನಿದ್ದೆ ಬಂದಿಲ್ಲ. ‘ಅವ ಎಂಬತ್ತು ಸಾವಿರಕ್ಕ ಮಾರಿದ್ರ ನಾವು ಐದು ಸಾವಿರಕ್ಕ ಮಾರಾಕ ಬರಂಗಿಲ್ಲೇನ್ರೀ ಕಾಕಾ?’ ಎಂಬುದು ಅವನ ಪ್ರಶ್ನೆ. ಬರುವುದಿಲ್ಲ, ಮಗನೇ. ಆ ಎಂಬತ್ತು ಸಾವಿರ ಅಟ್ಟೆಯ ಬೆಲೆಯಲ್ಲ, ಅಟ್ಟೆಯ ಮೇಲೆ ಒತ್ತಿದ ಹೆಸರಿನ ಬೆಲೆ. ಅದೇ ಕೈ, ಅದೇ ರಂಪಿಗೆ, ಅದೇ ತೊಗಲು ಇದ್ದರೂ ಹೆಸರಿಲ್ಲದ ಚಪ್ಪಲಿ ಅಲ್ಲಿಯೂ ಹೆಸರಿಲ್ಲದ ಚಪ್ಪಲಿಯೇ. ನಮ್ಮಲ್ಲಿ ಇಲ್ಲದ್ದು ಲಂಡನ್ನಿನ ಅಂಗಡಿಯಲ್ಲ, ಹೆಸರು.

ಆ ಹೆಸರು ಎಲ್ಲಿ ಹೋಯಿತು ಎಂಬುದನ್ನು ಸ್ವಲ್ಪ ಹಿಂದಿರುಗಿ ನೋಡಿ. ಅಥಣಿ, ನಿಪ್ಪಾಣಿ, ಮದಭಾವಿಯ ಕಡೆ ತಲೆತಲಾಂತರದಿಂದ ಚಪ್ಪಲಿ ಮಾಡುತ್ತಾರೆ. ಮಾರುಕಟ್ಟೆ ಕೊಲ್ಹಾಪುರದಲ್ಲಿತ್ತು. ಅಂದು ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು, 1956ರವರೆಗೆ ಈ ಗಡಿಯೇ ಇರಲಿಲ್ಲ. ಹಿರಿಯರು ಮಾಲು ಹೊತ್ತು ಕೊಲ್ಹಾಪುರಕ್ಕೆ ಹೋದರು, ಮಾಲು ಕೊಲ್ಹಾಪುರಿಯಾಯಿತು. ಕೊಲ್ಹಾಪುರದ ಕಸುಬುದಾರರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮವರೇ, ಅವರ ಕೈಯೂ ನಮ್ಮ ಕೈಯಂತೆಯೇ ಗಂಟುಗಟ್ಟಿದ ಕೈ. ಆದರೆ ಅಥಣಿಯಲ್ಲಿ ಹುಟ್ಟಿದ ಚಪ್ಪಲಿಗೆ ಅಥಣಿಯ ಹೆಸರಿಲ್ಲ ಎಂಬುದು ನಿಜ. ಅಲ್ಲಿಂದ ಮುಂಬಯಿಗೆ ಬಂದೆವು. ಇಲ್ಲಿ ದಲ್ಲಾಳಿ, ಸಗಟು ವ್ಯಾಪಾರಿ, ಅಂಗಡಿಯವನು ಮೂವರೂ ಪಾಲು ತೆಗೆದುಕೊಂಡ ಮೇಲೆ ಉಳಿದದ್ದು ನಮಗೆ. ಕೊಲ್ಹಾಪುರಕ್ಕೆ ಹೋದಾಗ ಹೆಸರು ಹೋಯಿತು, ಮುಂಬಯಿಗೆ ಬಂದಾಗ ಬೆಲೆ ಹೋಯಿತು. ಲಂಡನ್ನಿಗೆ ಹೋಗುವ ಮುನ್ನ, ಕಳಕೊಳ್ಳಲು ಇನ್ನೇನು ಉಳಿದಿದೆ ಎಂದು ಕೇಳಿಕೊಳ್ಳಬೇಡವೆ? ಉಳಿದಿರುವುದು ಮನೆ, ಕೊಟ್ಟಿಗೆ, ಅಡಿಗಲ್ಲು. ಅವನ್ನೇ ಅಣ್ಣನ ಮಗ ಅಡವಿಡಲು ಹೊರಟಿದ್ದಾನೆ.

ಕಾಗದದ ಮೇಲಿನ ಲೆಕ್ಕ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ಓದಿದವನು ನಾನು. ಅವನ ಕಾಗದವನ್ನೂ ಅರ್ಜಿಯಂತೆಯೇ ಓದಿದೆ. ಅವನದೇ ಅಂಕಿಗಳು: ಅಂಗಡಿಯ ಬಾಡಿಗೆ, ಅಲ್ಲಿನ ತೆರಿಗೆ, ಒಬ್ಬ ಕೆಲಸಗಾರನ ಸಂಬಳ, ವಿದ್ಯುತ್ತು ಎಲ್ಲ ಸೇರಿ ತಿಂಗಳಿಗೆ 6,000 ಪೌಂಡು. ಚಪ್ಪಲಿಯ ಮಾರಾಟ ಬೆಲೆ 50 ಪೌಂಡು. ಊರಿನಿಂದ ಅಂಗಡಿ ಬಾಗಿಲಿಗೆ ಹೋಗಿ ಬೀಳುವ ಖರ್ಚು ಜೊತೆಗೆ 12 ಪೌಂಡು. ‘ಉಳಿದ 38 ಪೌಂಡು ಲಾಭ’ ಎಂದು ಬರೆದಿದ್ದಾನೆ.

ಅಲ್ಲಿಯ ಮೌಲ್ಯವರ್ಧಿತ ತೆರಿಗೆ 20 ಶೇಕಡಾ ಎಂಬುದನ್ನು ಮರೆತಿದ್ದಾನೆ. 50 ಪೌಂಡಿನಲ್ಲಿ 8 ಪೌಂಡಿಗೂ ಮೇಲೆ ಸರಕಾರದ್ದು. ಉಳಿಯುವುದು ಜೊತೆಗೆ 30 ಪೌಂಡು ಎನ್ನಿ. ಅಂಗಡಿಯ ಖರ್ಚು ಹುಟ್ಟಬೇಕಾದರೆ ತಿಂಗಳಿಗೆ 200 ಜೊತೆ, ವರ್ಷಕ್ಕೆ 2,400 ಜೊತೆ ಮಾರಬೇಕು. ಇಂಗ್ಲೆಂಡಿನಲ್ಲಿ ಬೆರಳು ತೋರಿಸುವ ಚಪ್ಪಲಿ ಹಾಕಿಕೊಂಡು ಓಡಾಡುವ ಹವೆ ವರ್ಷಕ್ಕೆ ಐದು ತಿಂಗಳು ಇದ್ದರೆ ಹೆಚ್ಚು. ಆ ಐದೇ ತಿಂಗಳಲ್ಲಿ ಅಷ್ಟೂ ಮಾರಬೇಕೆಂದರೆ ದಿನಕ್ಕೆ ಹದಿನಾರು ಜೊತೆ. ಇಷ್ಟಾದರೂ ಲಾಭ ಸೊನ್ನೆ. ಸಾಲದ ಬಡ್ಡಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. 60 ಲಕ್ಷಕ್ಕೆ 11 ಶೇಕಡಾ ಹಿಡಿದರೆ ತಿಂಗಳಿಗೆ 55,000 ರೂಪಾಯಿ ಬಡ್ಡಿಯೇ ಆಯಿತು. ಅಸಲು ದೇವರ ಮೇಲೆ.

ಇನ್ನೊಂದು ಅಂಕಿ ಅವನ ಕಾಗದದಲ್ಲಿಯೇ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕೈ ಹಾಕಿದರೆ ತಿಂಗಳಿಗೆ ಆಗುವುದು ನೂರೈವತ್ತು ಜೊತೆ. ಅಂಗಡಿ ಕೇಳುವುದು ಇನ್ನೂರು. ಹಾಗಾದರೆ ಉಳಿದ ಐವತ್ತು ಎಲ್ಲಿಂದ? ಈಗ ಇಲ್ಲಿಯೇ ಮಾರುತ್ತಿರುವ ಗಿರಾಕಿಗಳಿಗೆ ಏನು ಕೊಡುವುದು? ಯಂತ್ರದಲ್ಲಿ ಒತ್ತಿದ ಮಾಲನ್ನು ಕೊಂಡು ತುಂಬಬೇಕು. ಅಂದರೆ ಕುಲಕಸುಬನ್ನು ಲಂಡನ್ನಿಗೆ ಒಯ್ಯಲು ಹೊರಟವನು, ಲಂಡನ್ನಿನ ಬಾಡಿಗೆ ಕಟ್ಟುವುದಕ್ಕಾಗಿ ಕುಲಕಸುಬಲ್ಲದ್ದನ್ನು ಮಾರಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಚಪ್ಪಲಿ ಮಾಡುವವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

‘2025ರ ಜುಲೈ 24ರಂದು ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದ ಆಗೇದ, ಚಪ್ಪಲಿ ಮ್ಯಾಲಿನ ಸುಂಕ ಹೋಗತದ’ ಎಂದು ಅವನು ವಾದಿಸುತ್ತಾನೆ. ಸುಂಕ ಹೋಗಲಿ, ಸಂತೋಷ. ಮೇಲಿನ ಲೆಕ್ಕದಲ್ಲಿ ನಾನು ಸುಂಕವನ್ನು ಹಿಡಿದೇ ಇಲ್ಲ. ಸುಂಕವಿಲ್ಲದೆಯೂ ಅಂಗಡಿ ಮುಳುಗುತ್ತದೆ, ಏಕೆಂದರೆ ಮುಳುಗಿಸುವುದು ಬಾಡಿಗೆ. ಇನ್ನು ಸುಂಕವನ್ನು ನಂಬಿ ಮನೆ ಅಡವಿಡುವವರು ಅಮೆರಿಕದ ಕಡೆ ಒಮ್ಮೆ ನೋಡಬೇಕು. 2025ರ ಆಗಸ್ಟ್ 27ರಂದು ಭಾರತದ ಹೆಚ್ಚಿನ ಮಾಲುಗಳ ಮೇಲೆ ಅಲ್ಲಿ 50 ಶೇಕಡಾ ಹೆಚ್ಚುವರಿ ಸುಂಕ ಬಿತ್ತು. ಎರಡು ದಿನಗಳ ನಂತರ, 800 ಡಾಲರಿನೊಳಗಿನ ಸಣ್ಣ ಪಾರ್ಸೆಲ್ಲುಗಳಿಗೆ ಇದ್ದ ವಿನಾಯಿತಿಯೂ ಹೋಯಿತು. ದೊಡ್ಡ ರಫ್ತುದಾರರು ತಿಂಗಳುಗಟ್ಟಲೆ ತಲೆಯ ಮೇಲೆ ಕೈ ಹೊತ್ತು ಕೂತರು. ಒಬ್ಬ ಮನುಷ್ಯನ ಒಂದು ಸಹಿಯಿಂದ ಏರುವುದು ಇನ್ನೊಂದು ಸಹಿಯಿಂದ ಇಳಿಯಬಹುದು, ಮತ್ತೆ ಏರಲೂಬಹುದು. ದೊಡ್ಡ ಕಂಪನಿ ಕಾಯಬಲ್ಲದು. ಅಡಿಗಲ್ಲಿನ ಮುಂದೆ ಕೂತವನು ಎಷ್ಟು ದಿನ ಕಾಯುತ್ತಾನೆ?

ಅಣ್ಣನ ಅನುಭವ

ಇದು ಕೇವಲ ಅಂಕಿಯ ಅಂಜಿಕೆಯಲ್ಲ. 1994ರಲ್ಲಿ ನನ್ನ ಅಣ್ಣ ಇಲ್ಲಿಯ ಒಬ್ಬ ರಫ್ತು ಏಜೆಂಟನ ಮಾತು ನಂಬಿ ಸಾವಿರದ ಇನ್ನೂರು ಜೊತೆಯ ಆರ್ಡರು ಹಿಡಿದ. ಮಾದರಿ ಪಾಸಾಯಿತು. ಮೂರು ಊರಿನ ಮನೆಗಳಿಗೆ ಕೆಲಸ ಹಂಚಿದೆವು. ಮಾಲು ಹೊರಟದ್ದು ಜುಲೈ ತಿಂಗಳಲ್ಲಿ, ಸುರಿಯುವ ಮಳೆಯಲ್ಲಿ. ತೊಗಟೆಯಲ್ಲಿ ಹದವಾದ ತೊಗಲು ಹಸಿ ಗಾಳಿಗೆ ಬೂಸ್ಟು ಹಿಡಿಯುತ್ತದೆ ಎಂಬುದು ನಮಗೆ ಗೊತ್ತು, ಹಡಗಿನ ಪೆಟ್ಟಿಗೆಯೊಳಗೆ ಅದು ಎಷ್ಟು ಬೇಗ ಹಿಡಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅಲ್ಲಿಯವರು ಅರ್ಧ ಮಾಲು ತಿರಸ್ಕರಿಸಿ, ಉಳಿದರ್ಧಕ್ಕೂ ಬೆಲೆ ಕಡಿದರು. ಏಜೆಂಟ ಫೋನು ಎತ್ತುವುದನ್ನು ನಿಲ್ಲಿಸಿದ. ವೈನಿಯ ಬಂಗಾರ ಗಿರವಿಗೆ ಹೋಯಿತು, ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಅಣ್ಣ ಆಮೇಲೆ ಯಾರೊಂದಿಗೂ ಆ ವಿಷಯ ಎತ್ತಲಿಲ್ಲ. ಆಗ ಹುಟ್ಟಿಯೂ ಇರದ ಮಗನಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪು ಅವನದಲ್ಲ, ಹೇಳದ ನಮ್ಮದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉಡುಪಿಯವರ ಉದಾಹರಣೆ

ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಮಾತ್ರ ತೂಕವಿತ್ತು. ‘ಉಡುಪಿಯವರು ಕೈಯಲ್ಲಿ ಬಿಡಿಗಾಸಿಲ್ಲದೆ ಮುಂಬಯಿಗೆ ಬಂದು ಹೋಟೆಲು ಕಟ್ಟಲಿಲ್ಲವೆ? 1942ರಲ್ಲಿ ಮಾಟುಂಗಾದಲ್ಲಿ ಊಟದ ಮನೆ ತೆರೆದ ರಾಮ ನಾಯಕರು ಲೆಕ್ಕ ಹಾಕುತ್ತ ಕೂತಿದ್ದರೆ ಇವತ್ತು ನಮಗೆ ಬಾಳೆಲೆ ಊಟ ಸಿಗುತ್ತಿತ್ತೆ?’ ಎಂದರು.

ನಿಜ. ಆದರೆ ಉಡುಪಿಯವರು ಬಂದಾಗ ಒಲೆಯೂ ಜೊತೆಗೆ ಬಂತು. ಯಜಮಾನ, ಅಡಿಗೆಯವನು, ಬಡಿಸುವವನು ಎಲ್ಲರೂ ಒಂದೇ ಸೂರಿನಡಿ. ಮಾಡುವ ಕೈ, ಮಾರುವ ಕೈ, ಬೆಲೆ ಹೇಳುವ ಬಾಯಿ ಒಂದೇ ಕಡೆ. ನಮ್ಮ ಕಸುಬು ಹಾಗೆ ಎದ್ದು ಹೋಗುವುದಿಲ್ಲ. ತೊಗಲು ಹದ ಮಾಡುವ ಗುಂಡಿ, ಅಟ್ಟೆ ಬಡಿಯುವ ಗಂಡಸು, ಮನೆಯ ಪಡಸಾಲೆಯಲ್ಲಿ ಕೂತು ಜಡೆ ಹೆಣೆದು ಹೊಲಿಗೆ ಹಾಕುವ ಹೆಂಗಸರು ಎಲ್ಲ ಊರಿನಲ್ಲೇ ಉಳಿಯುತ್ತಾರೆ. ಲಂಡನ್ನಿಗೆ ಹೋಗುವುದು ಗಲ್ಲಾಪೆಟ್ಟಿಗೆ ಮಾತ್ರ. ಗಲ್ಲಾ ಒಂದು ಕಡೆ, ಒಲೆ ಒಂದು ಕಡೆಯಾದರೆ ಗಲ್ಲಾದವನು ಯಜಮಾನನಾಗುತ್ತಾನೆ, ಒಲೆಯವನು ಕೂಲಿಯಾಗುತ್ತಾನೆ. ಗಲ್ಲಾದವನು ಸ್ವಂತ ಅಣ್ಣನ ಮಗನಾದರೂ ಅಷ್ಟೇ. ಬಾಡಿಗೆಯ ಬಿಸಿ ತಟ್ಟಿದಾಗ ಅವನು ಮೊದಲು ಫೋನು ಮಾಡುವುದು ಊರಿಗೆ, ಮೊದಲು ಕಡಿಯುವುದು ಹೆಣಿಗೆಯ ಕೂಲಿಯನ್ನು. ಆ ಹೆಣಿಗೆ ಹೆಣೆಯುವವಳು ಅವನ ತಾಯಿ.

ಹಾಗಾದರೆ ಏನು ಮಾಡಬೇಕು?

ಬೇಡ ಎನ್ನುವುದು ಸುಲಭ. ಬೇಡ ಎಂದವನು ಬೇಕಾದದ್ದನ್ನೂ ಹೇಳಬೇಕು.

ಮೊದಲನೆಯದು ಹೆಸರು. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಅದರಲ್ಲಿ ಎಂಟು ಜಿಲ್ಲೆಗಳಿವೆ. ನಾಲ್ಕು ಮಹಾರಾಷ್ಟ್ರದವು, ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಮ್ಮ ನಾಲ್ಕು ಜಿಲ್ಲೆ ಅದರಲ್ಲಿದೆ ಎಂಬುದು ಸಭೆಯಲ್ಲಿ ಮಾತಾಡಿದ ಎಷ್ಟು ಜನರಿಗೆ ಗೊತ್ತಿತ್ತು? ಆದರೆ ಜಿಲ್ಲೆ ಪಟ್ಟಿಯಲ್ಲಿದ್ದರೆ ಸಾಲದು. ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಕಸುಬುದಾರನೂ ಅಧಿಕೃತ ಬಳಕೆದಾರನೆಂದು ಅರ್ಜಿ ಹಾಕಿ ಹೆಸರು ನೋಂದಾಯಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದೇ ಆಗಿಲ್ಲ. ಲಂಡನ್ನಿನ ಅಂಗಡಿಯ ನಕ್ಷೆ ಸಿದ್ಧವಾಗಿದೆ, ಊರಿನ ಕೊಟ್ಟಿಗೆಯ ನೋಂದಣಿ ಆಗಿಲ್ಲ. ಇನ್ನೊಂದು ಮಾತು, ಈ ಗುರುತಿನ ರಕ್ಷಣೆ ನಡೆಯುವುದು ನಮ್ಮ ದೇಶದೊಳಗೆ. ಹೊರಗೆ ಅದು ಬೇಕಾದರೆ ಅಲ್ಲಲ್ಲಿಯ ಕಾನೂನಿನಂತೆ ಬೇರೆಯೇ ಪಡೆಯಬೇಕು. ಡಾರ್ಜಿಲಿಂಗ್ ಚಹಕ್ಕೆ 2011ರಲ್ಲಿ ಯುರೋಪಿನಲ್ಲಿ ಆ ರಕ್ಷಣೆ ಸಿಕ್ಕಿತು. ಅದು ಒಂದು ಮನೆಯಿಂದ ಆಗುವ ಕೆಲಸವಲ್ಲ, ಎರಡೂ ರಾಜ್ಯಗಳ ನಿಗಮಗಳು ಕೂಡಿ ಮಾಡಬೇಕಾದದ್ದು. ಲಿಡ್ಕರ್ ಹುಟ್ಟಿದ್ದು 1976ರಲ್ಲಿ, ಐವತ್ತು ವರ್ಷವಾಯಿತು. ನಮ್ಮ ಕೂಗು ಏಳಬೇಕಾದದ್ದು ಅದರ ಬಾಗಿಲಲ್ಲಿ, ಲಂಡನ್ನಿನ ಬಾಡಿಗೆದಾರರ ಬಾಗಿಲಲ್ಲಿ ಅಲ್ಲ.

ಎರಡನೆಯದು ತೊಗಲು. ಯುರೋಪಿನಲ್ಲಿ 2015ರ ಮೇ ತಿಂಗಳಿಂದ ಮೈಗೆ ತಾಗುವ ತೊಗಲಿನ ವಸ್ತುವಿನಲ್ಲಿ ಆರನೇ ದರ್ಜೆಯ ಕ್ರೋಮಿಯಂ ಕಿಲೋಗೆ 3 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂಬ ನಿಯಮವಿದೆ. ಕೆಟ್ಟದಾಗಿ ಹದ ಮಾಡಿದ ಅಗ್ಗದ ಕ್ರೋಮ್ ತೊಗಲು ಸಿಕ್ಕಿಬೀಳುವುದು ಇಲ್ಲಿಯೇ. ನಮ್ಮ ಅಜ್ಜನ ತೊಗಟೆಯ ಹದಕ್ಕೆ ಕ್ರೋಮಿಯಂ ಬೇಕಾಗಿಯೇ ಇಲ್ಲ. ಅಂದರೆ ನಾವು ಹಳೆಯದೆಂದು ಮುಚ್ಚಿದ ಗುಂಡಿಯೇ ಹೊರದೇಶದ ಬಾಗಿಲಿಗೆ ಕೀಲಿಕೈ. ಆ ಗುಂಡಿಯನ್ನು ಮತ್ತೆ ತೆರೆಯಲು ಅರವತ್ತು ಲಕ್ಷ ಬೇಡ. 2023ರಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯಲ್ಲಿ ಪಾದರಕ್ಷೆ ಮಾಡುವವರೂ ಸೇರಿದ್ದಾರೆ. ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ, 5 ಶೇಕಡಾ ಬಡ್ಡಿಗೆ ಸಾಲ. ಮೂರು ಲಕ್ಷದ ಸಾಲ ಮುಳುಗಿದರೆ ಮನುಷ್ಯ ಮತ್ತೆ ಏಳಬಲ್ಲ.

ಮೂರನೆಯದು ಹೋಗುವ ರೀತಿ. ಮಾಲು ಹೋಗಲಿ, ಮಾಲೀಕ ಇಲ್ಲೇ ಇರಲಿ. ಆರ್ಡರು ಬಂದ ಮೇಲೆ ಮಾಡುವುದು, ಅರ್ಧ ಹಣ ಮುಂಗಡ ಬಂದ ಮೇಲೆ ತೊಗಲು ಕತ್ತರಿಸುವುದು. ಐವತ್ತು, ನೂರು ಜೊತೆಯ ಸಣ್ಣ ಗಂಟುಗಳು. ಮಳೆಗಾಲದಲ್ಲಿ ಒಂದು ಜೊತೆಯನ್ನೂ ಕಳಿಸಬಾರದು. ಹಣ ಮುಳುಗದಂತೆ ವಿಮೆ ಮಾಡಿಸಲು ರಫ್ತು ಸಾಲ ಖಾತರಿ ನಿಗಮವಿದೆ. 1957ರಿಂದ ಇದೆ, ಅದರ ಮುಖ್ಯ ಕಚೇರಿ ನಮ್ಮ ಈ ಮುಂಬಯಿಯಲ್ಲೇ ಇದೆ. 1994ರಲ್ಲಿ ನಾನು ಇದೇ ಊರಿನ ಬ್ಯಾಂಕಿನಲ್ಲಿ ಕೂತಿದ್ದೆ, ಅಣ್ಣನಿಗೆ ಅದರ ವಿಳಾಸ ಹೇಳಲಿಲ್ಲ. ಆ ತಪ್ಪು ನನ್ನದು.

ನಾಲ್ಕನೆಯದು ನಮ್ಮ ಸಂಘದ ಪಾಲು. ಲಂಡನ್ನಿನಲ್ಲಿ, ನ್ಯೂಜೆರ್ಸಿಯಲ್ಲಿ ಇರುವ ನಿಮ್ಮ ಮಕ್ಕಳು ಪಾಲುದಾರರಾಗಬೇಕಾಗಿಲ್ಲ. ಒಂದೊಂದು ಜೊತೆ ಪೂರಾ ಬೆಲೆಗೆ ಕೊಂಡು, ಆರು ತಿಂಗಳು ಮೆಟ್ಟಿ, ಎಲ್ಲಿ ಕಚ್ಚುತ್ತದೆ, ಎಲ್ಲಿ ಸಡಿಲಾಗುತ್ತದೆ, ಅಲ್ಲಿಯ ಅಳತೆಗೂ ನಮ್ಮ ಅಳತೆಗೂ ಎಷ್ಟು ವ್ಯತ್ಯಾಸ ಎಂದು ಬರೆದು ಕಳಿಸಲಿ. ಆ ನಾಲ್ಕು ಸಾಲು ಅಂಗಡಿಗಿಂತ ದೊಡ್ಡ ಉಪಕಾರ. ಇನ್ನು ನಾವು, ರಾಜ್ಯೋತ್ಸವದ ದಿನ ಸಂಘದ ಅಂಗಳದಲ್ಲಿ ಊರಿನವನು ಚಪ್ಪಲಿ ಹರಡಿಕೊಂಡು ಕೂತಾಗ ಅರ್ಧ ಬೆಲೆಗೆ ಕೇಳುವುದನ್ನು ಬಿಡೋಣ. ಡೊಂಬಿವಲಿಯಲ್ಲಿ ಬೆಲೆ ಸಿಗದ ಮಾಲಿಗೆ ಲಂಡನ್ನಿನಲ್ಲಿ ಬೆಲೆ ಸಿಗುತ್ತದೆಂದು ಕಾಯುವುದು ದೂರದ ಬೆಟ್ಟ ನುಣ್ಣಗೆ ಎಂಬಂತೆಯೇ.

ಮೂರು ವರ್ಷ ಹೀಗೆ ನಡೆಯಲಿ. ಸ್ವಂತ ಹೆಸರಿನಲ್ಲಿ ಕಳಿಸಿದ ಮಾಲಿಗೆ ಅದೇ ಗಿರಾಕಿ ಎರಡನೆಯ ಸಲ, ಮೂರನೆಯ ಸಲ ಬಂದರೆ, ಮನೆಯ ಕೈ ಸಾಲದೆ ಊರಿನ ಇನ್ನೂ ಹತ್ತು ಮನೆಗೆ ಒಳ್ಳೆಯ ಕೂಲಿಗೆ ಕೆಲಸ ಹಂಚುವಂತಾದರೆ, ಆಗ ಅಂಗಡಿಯ ಮಾತು ಎತ್ತಲಿ. ಆಗ ನಾನಿದ್ದರೆ ಸಹಿ ಮಾಡುತ್ತೇನೆ.

ಕೊನೆಯ ಮಾತು

ಅಣ್ಣನ ಮಗ ಫೋನಿನಲ್ಲಿ ನನಗೊಂದು ಏಟು ಕೊಟ್ಟ. ‘ಕಾಕಾ, ನೀವು 1975ರಾಗ ಹಿಂಗ ಲೆಕ್ಕ ಹಾಕಿದ್ರ ಮುಂಬೈಗೆ ಹೋಗ್ತಿರ್ಲಿಲ್ಲ. ನೀವು ದಾಟಿದ್ರಿ, ಈಗ ನನಗ ದಾಟಬ್ಯಾಡ ಅಂತೀರಿ.’ ಎರಡು ದಿನ ಆ ಮಾತು ನನ್ನನ್ನು ಬಿಡಲಿಲ್ಲ. ಪರಂಪರೆಯವರಿಗೆ ನಾನು ಹೇಳಿದ್ದನ್ನೇ ಅವನು ನನಗೆ ಹೇಳಿದ್ದ.

ಆದರೂ ವ್ಯತ್ಯಾಸವಿದೆ. ನಾನು ದಾಟಿದಾಗ ಪಣಕ್ಕಿಟ್ಟದ್ದು ನನ್ನೊಬ್ಬನನ್ನು. ಸೋತಿದ್ದರೆ ಹಿಂದಿರುಗಿ ಹೋಗಲು ಅಪ್ಪನ ಅಡಿಗಲ್ಲು ಅಲ್ಲಿ ಇತ್ತು. ಅವನು ಪಣಕ್ಕಿಡುತ್ತಿರುವುದು ಆ ಅಡಿಗಲ್ಲನ್ನೇ. ಅವನು ಲಂಡನ್ನಿಗೆ ನೌಕರಿಗೆ ಹೋಗುತ್ತೇನೆಂದರೆ ನಾಳೆಯೇ ಟಿಕೆಟಿನ ಹಣ ಕೊಡುತ್ತೇನೆ. ಅವನ ತಾಯಿ ಮುಂದೆ ಹಾಕಿಕೊಂಡು ಕೂತಿರುವ ಕಲ್ಲನ್ನು ಬ್ಯಾಂಕಿಗೆ ಬರೆದುಕೊಡುವುದಕ್ಕೆ ನನ್ನ ಸಹಿ ಇಲ್ಲ.

ಸಹಿ ಮಾಡದೆ ಕಾಗದವನ್ನು ಹಿಂದಿರುಗಿಸಿದ್ದೇನೆ. ಜೊತೆಗೆ ನನ್ನ ಠೇವಣಿಯಿಂದ ಎರಡು ಲಕ್ಷ ರೂಪಾಯಿ ಕಳಿಸಿದ್ದೇನೆ, ಬಡ್ಡಿ ಬೇಡ, ಅಪ್ಪನ ಹದದ ಗುಂಡಿಯನ್ನು ಮೊದಲು ತೆರೆ ಎಂದು ಬರೆದಿದ್ದೇನೆ. ಹಣ ಮುಟ್ಟಿದೆ ಎಂದು ವೈನಿ ತಿಳಿಸಿದಳು. ಹುಡುಗ ಇನ್ನೂ ನನ್ನೊಡನೆ ಮಾತಾಡಿಲ್ಲ. ಮಾತಾಡದಿದ್ದರೂ ಚಿಂತೆಯಿಲ್ಲ. ಮನೆ ಉಳಿದರೆ ಮಾತು ಮತ್ತೆ ಕೂಡುತ್ತದೆ.